ರಂಪಣಿಯ ಹಗ್ಗವನ್ನು ನಡುವೆ ಕೈಬಿಟ್ಟ ಲೇಖನ

ಪ್ರಿಯರೇ,

ಕಾರವಾರದ ದಂಡೆಯಲ್ಲಿ ರಂಪಣಿ, ಅಂದರೆ ದಡದಿಂದಲೇ ಹಲವರು ಸೇರಿ ಎಳೆಯುವ ದೊಡ್ಡ ಮೀನುಬಲೆ, ಎಳೆಯುವವರನ್ನು ಮುಂದಿಟ್ಟುಕೊಂಡು, ಸ್ನಾಯುಗಳು ಹಂಚಿಕೊಳ್ಳುವ ನರಸಂಕೇತವನ್ನು ಅಳೆಯುವ ಬಗೆಯನ್ನು ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ನಿಮ್ಮ ಮೊದಲ ಪ್ಯಾರಾ ಚೆನ್ನಾಗಿದೆ: ಹಿಮ್ಮಡಿಯನ್ನು ಮರಳಿಗೊತ್ತಿ, ಒದ್ದೆ ಹಗ್ಗವನ್ನು ಸೊಂಟಕ್ಕೆ ಆನಿಸಿ ಹಿಂದಕ್ಕೆ ಬಾಗುವ ಮುದುಕನ ಮೀನಖಂಡ ಗಂಟುಗಟ್ಟುವುದನ್ನು ಹತ್ತಿರ ನಿಂತು ನೋಡಿದವರೇ ಹಾಗೆ ಬರೆಯಬಲ್ಲರು. ಎರಡನೇ ಪ್ಯಾರಾಕ್ಕೆ ಅವನು ಮಾಯವಾಗಿ ಪಠ್ಯಪುಸ್ತಕ ಮಾತಿಗಿಳಿಯುತ್ತದೆ.

ಮುಖ್ಯ ತಪ್ಪು ಅಲ್ಲಿಯೇ ಇದೆ. ಎರಡು ಸ್ನಾಯುಗಳು ಒಟ್ಟಿಗೆ ಬಿಗಿದರೆ ಅವಕ್ಕೆ ಒಂದೇ ಸಂಕೇತ ಬಂದಿದೆ ಎನ್ನುತ್ತೀರಿ. ಬಲೆಯ ಎರಡೂ ಬದಿಯವರು ಒಮ್ಮೆಗೇ ಎಳೆದರೆಂದ ಮಾತ್ರಕ್ಕೆ ಒಂದೇ ಕೂಗಿಗೆ ಓಗೊಟ್ಟರೆನ್ನಲಾದೀತೆ? ಸ್ನಾಯುವಿನ ವಿದ್ಯುತ್ ಸಂಕೇತದ ದಾಖಲೆಯಾದ ಇಎಂಜಿಯ ಒಟ್ಟು ಏರಿಳಿತ ಹೊಂದುವುದು ಬೇರೆ, ಅದರೊಳಗಿನ ಸೂಕ್ಷ್ಮ ಲಯ ಹೊಂದುವುದು ಬೇರೆ. ಎರಡು ಸ್ನಾಯುಗಳ ನರಕೋಶಗಳಿಗೆ ಒಂದೇ ಮೂಲದಿಂದ ಸಂಕೇತ ಹರಿದಾಗ ಅದರ ಲಯದ ಗುರುತು ಎರಡರಲ್ಲೂ ಉಳಿಯುತ್ತದೆ. ಆ ಹೊಂದಿಕೆಯನ್ನು ಒಂದೊಂದು ಆವರ್ತನದಲ್ಲೂ 0ಯಿಂದ 1ರವರೆಗಿನ ಅಂಕಿಯಲ್ಲಿ ಹೇಳುವ ಅಳತೆಯೇ ಕೊಹೆರೆನ್ಸ್.

‘ವೇಗ ಹೆಚ್ಚಿದಂತೆ ನಂಟು ಗಟ್ಟಿಯಾಗುತ್ತದೆ’ ಎಂಬ ವಾಕ್ಯವನ್ನು ತೆಗೆಯಿರಿ. ಮಿದುಳಿನ ಚಲನಾ ಪ್ರದೇಶದೊಂದಿಗೆ ಬೆಸೆದಿರುವ ಸುಮಾರು 15ರಿಂದ 30 ಹರ್ಟ್ಸ್ ಲಯ ಸ್ನಾಯು ಸ್ಥಿರವಾಗಿ ಬಿಗಿಹಿಡಿದಾಗ ಎದ್ದು ಕಾಣುತ್ತದೆ, ಚಲನೆ ಶುರುವಾದೊಡನೆ ಕುಗ್ಗುತ್ತದೆ, ಮತ್ತೆ ಹಿಡಿತ ನೆಲೆಗೊಂಡಾಗ ಮರಳುತ್ತದೆ. ಬಲೆಯ ಭಾರಕ್ಕೆ ಎದುರಾಗಿ ನಿಮ್ಮ ಮುದುಕ ಒಂದು ಗಳಿಗೆ ಅಲುಗದೆ ನಿಲ್ಲುತ್ತಾನಲ್ಲ, ಇದನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ಪಕ್ಕದ ಸ್ನಾಯುವಿನ ವಿದ್ಯುತ್ ಸಂಕೇತ ಚರ್ಮದಡಿ ಹರಡಿ ಇನ್ನೊಂದರ ಎಲೆಕ್ಟ್ರೋಡಿಗೂ ತಗಲುವ ವಿಚಾರಕ್ಕೆ ನೀವು ಒಂದು ಸಾಲನ್ನೂ ಕೊಟ್ಟಿಲ್ಲ. ನೀವು ಆರಿಸಿದ ಮೀನಖಂಡದ ಎರಡು ಸ್ನಾಯುಗಳು ಒಂದರ ಮೇಲೊಂದು ಮಲಗಿರುವುದರಿಂದ, ಒಂದನ್ನೇ ಎರಡೆಂದು ಎಣಿಸುವ ಅಪಾಯ ಅಲ್ಲಿ ಹೆಚ್ಚು. ಎರಡರ ನಡುವೆ ಸಮಯದ ಅಂತರವೇ ಇಲ್ಲದೆ ಬಹುತೇಕ ಎಲ್ಲ ಆವರ್ತನಗಳಲ್ಲೂ ಹೊಂದಿಕೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ದೂರದ ಜೋಡಿಯೊಂದನ್ನು ಉದಾಹರಣೆಗೆ ಆರಿಸಿಕೊಳ್ಳಿ.

‘ಮಿದುಳೆಂಬ ಮಹಾರಾಜ’ ಮೂರು ಸಲ ಬಂದಿದ್ದಾನೆ; ಒಮ್ಮೆಯೂ ಬೇಡ. ಹಂಚಿಕೆಯ ಸಂಕೇತದಲ್ಲಿ ಬೆನ್ನುಹುರಿಯ ಜಾಲಕ್ಕೂ, ಅಂಗಾಲಿನಿಂದ ಮರಳಿಬರುವ ಸಂವೇದನೆಗೂ ಪಾಲಿದೆ.

ಮಳೆಗಾಲ ಕಳೆದು ರಂಪಣಿ ದಂಡೆಗೆ ಬರುವ ಹೊತ್ತಿಗೆ ತಿದ್ದಿದ ಪ್ರತಿ ನನ್ನ ಮೇಜಿನ ಮೇಲಿರಲಿ. ಮುದುಕ ಕೊನೆಯ ಪ್ಯಾರಾದವರೆಗೂ ಹಗ್ಗ ಹಿಡಿದಿರಬೇಕು.

ಇಂತಿ,
ಸಂಪಾದಕ