ಸಾಲವಿಲ್ಲದೆ ಮನೆ ಆಗುತ್ತದೆ, ಆದರೆ ಒಂದೇ ಸಲಕ್ಕೆ ಆಗಲ್ಲ

ನಿಮ್ಮ ಪ್ರಶ್ನೆ ಇಷ್ಟು: ಇಬ್ಬರ ಸಂಬಳ ಸೇರಿ ತಿಂಗಳಿಗೆ 75 ಸಾವಿರ, ವಯಸ್ಸು ಮೂವತ್ತರ ಆಸುಪಾಸು, ಬೆಂಗಳೂರಲ್ಲಿ 18 ಸಾವಿರ ಬಾಡಿಗೆ. ಹೋಮ್ ಲೋನ್ ಮುಟ್ಟದೆ ಪೂರ್ತಿ ದುಡ್ಡು ಕೂಡಿಟ್ಟು ಮನೆ ಮಾಡಿಕೊಳ್ಳಬಹುದಾ, ಹಾಗೆ ಮಾಡಿದವರು ಯಾರಾದರೂ ಇದ್ದಾರಾ?

ಇದ್ದೇವೆ. 2022ರ ಕಾರ್ತಿಕದಲ್ಲಿ ತುಮಕೂರಿನಲ್ಲಿ ಗೃಹಪ್ರವೇಶ ಮಾಡಿದೆವು. ಬ್ಯಾಂಕಿಗೆ ಒಂದು ರೂಪಾಯಿ ಬಾಕಿ ಇಲ್ಲ. ಆದರೆ ದುಡ್ಡು ಕೂಡಿಡಲು ಶುರು ಮಾಡಿದ್ದು 2009ರಲ್ಲಿ. ಹದಿಮೂರು ವರ್ಷ ಹಿಡಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ "ಸಾಲ ಮಾಡಬೇಡಿ, ಬಡ್ಡಿ ಉಳಿಸಿ" ಅನ್ನುವವರು ಈ ವರ್ಷಗಳ ಲೆಕ್ಕ ಹೇಳುವುದೇ ಇಲ್ಲ.

ಬಡ್ಡಿ ದೊಡ್ಡದು, ನಿಜ. 40 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 34,700. ಕೊನೆಗೆ ಕಟ್ಟಿದ್ದು 83 ಲಕ್ಷ ದಾಟುತ್ತದೆ. ಮೊದಲ ತಿಂಗಳ ಕಂತಿನಲ್ಲಿ 28 ಸಾವಿರಕ್ಕೂ ಜಾಸ್ತಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಆರು ಸಾವಿರ ಚಿಲ್ಲರೆ. ಇದನ್ನು ಮೊದಲ ಸಲ ಕಾಗದದ ಮೇಲೆ ನೋಡಿದಾಗ ನನಗೂ ಹೊಟ್ಟೆ ಉರಿದಿತ್ತು.

ಈಗ ಇನ್ನೊಂದು ಪಕ್ಕದ ಲೆಕ್ಕ. ನೀವು ತಿಂಗಳಿಗೆ 30 ಸಾವಿರ ಉಳಿಸಿ ಶೇ 7ರ ಹಾಗೆ ಬೆಳೆಸಿದಿರಿ ಅಂದುಕೊಳ್ಳಿ. ಹತ್ತು ವರ್ಷಕ್ಕೆ ಸುಮಾರು 52 ಲಕ್ಷ ಆಗುತ್ತದೆ. ಅದೂ ಬಡ್ಡಿ ಮೇಲಿನ ತೆರಿಗೆ ಬಿಟ್ಟು. ಇವತ್ತು 50 ಲಕ್ಷ ಇರುವ ಮನೆಯ ಬೆಲೆ ವರ್ಷಕ್ಕೆ ಶೇ 6 ಏರಿದರೂ ಅಷ್ಟೊತ್ತಿಗೆ 89 ಲಕ್ಷ ದಾಟಿರುತ್ತದೆ. ಆ ಹತ್ತು ವರ್ಷ 18 ಸಾವಿರ ಬಾಡಿಗೆ ಕಟ್ಟಿದ್ದು 21.6 ಲಕ್ಷ. ಬಾಡಿಗೆ ಅಲ್ಲೇ ನಿಂತಿರುವುದಿಲ್ಲ, ಅಲ್ವಾ? ಅಂದರೆ ಬೆಂಗಳೂರಿನ ಫ್ಲ್ಯಾಟನ್ನೇ ಕಣ್ಣಲ್ಲಿಟ್ಟುಕೊಂಡು, ಪೂರ್ತಿ ದುಡ್ಡು ಆಗಲಿ ಆಮೇಲೆ ಕೊಳ್ಳೋಣ ಅಂತ ಕೂತರೆ ನೀವು ಹಿಂದೆ ಓಡುತ್ತೀರಿ, ಬೆಲೆ ಮುಂದೆ ಓಡುತ್ತದೆ.

ನಾವು ಮಾಡಿದ್ದು ಬೇರೆ. ಮನೆಯನ್ನು ತುಂಡು ತುಂಡಾಗಿ ಕೊಂಡೆವು. ಮೊದಲು ಜಾಗ, ಕೆಲವು ವರ್ಷ ಬಿಟ್ಟು ಕಟ್ಟಡ. ಬೆಲೆ ಜೋರಾಗಿ ಏರುವುದು ಜಾಗಕ್ಕೆ. ಅದನ್ನು ಬೇಗ ಹಿಡಿದುಬಿಟ್ಟರೆ ಅರ್ಧ ಓಟ ಅಲ್ಲಿಗೇ ನಿಲ್ಲುತ್ತದೆ. ಕಟ್ಟುವ ಖರ್ಚೂ ಏರುತ್ತದೆ, ಆದರೆ ಅಲ್ಲಿ ಅಳತೆ ನಮ್ಮ ಕೈಯಲ್ಲಿರುತ್ತದೆ. ಹನ್ನೆರಡು ಚದರದ ಬದಲು ಎಂಟು ಚದರ ಕಟ್ಟಿದರೂ ಅದು ಮನೆಯೇ.

ನನ್ನ ಕೆಲಸ ಪೀಣ್ಯದಲ್ಲಿ, ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನೋಡುವುದು. 2009ರಲ್ಲಿ ಸಂಬಳ 14 ಸಾವಿರ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದ್ದರೆ ಉಳಿಯುತ್ತಿದ್ದದ್ದು ಸೊನ್ನೆ. ಅದಕ್ಕೇ ತುಮಕೂರಿನಲ್ಲೇ ಉಳಿದೆ. ತಿಂಗಳ ಪಾಸು ಮಾಡಿಸಿ ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಬಸ್ಸು, 2014ರಲ್ಲಿ ಮೆಟ್ರೊ ಬಂದ ಮೇಲೆ ಮೆಟ್ರೊ. ದಿನಕ್ಕೆ ನಾಲ್ಕು ಗಂಟೆ ಓಡಾಟ. ಚಳಿಗಾಲದ ಸಂಜೆ ಪಕ್ಕದ ಸೀಟಿನ ಹೆಂಗಸರು ಸೊಗಡಿನ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಇಳಿಯುವ ಹೊತ್ತಿಗೆ ನನ್ನ ಅಂಗಿಗೂ ಅದೇ ವಾಸನೆ. ಸುಖವಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ಮಗಳು ಮೊದಲ ಹೆಜ್ಜೆ ಇಟ್ಟದ್ದು, ಮೊದಲ ಮಾತಾಡಿದ್ದು ಎರಡನ್ನೂ ನಾನು ಫೋನಿನಲ್ಲೇ ಕೇಳಿದ್ದು. ಬಡ್ಡಿ ಕಟ್ಟಲಿಲ್ಲ ನಿಜ, ಇದನ್ನು ಕಟ್ಟಿದೆ.

2011ರಲ್ಲಿ ಹೆಂಡತಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅವಳ ಸಂಬಳ ಇಲ್ಲವೇ ಇಲ್ಲ ಅಂದುಕೊಂಡು ಬದುಕೋಣ ಅಂತ ಆಗ ತೀರ್ಮಾನ ಮಾಡಿದೆವು. ಸಂಬಳ ಬಂದ ದಿನವೇ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಅಂದರೆ ಆರ್‌ಡಿಗೆ ಹೋಗುತ್ತಿತ್ತು. ಉಳಿದದ್ದನ್ನು ಉಳಿಸೋಣ ಅಂದರೆ ಯಾವ ತಿಂಗಳೂ ಏನೂ ಉಳಿಯಲ್ಲ.

ಭೋಗ್ಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವೂ ಅದರ ಬಗ್ಗೆ ಯೋಚಿಸುತ್ತೀರಿ. ಕೈಯಲ್ಲಿ ಎರಡೂವರೆ ಲಕ್ಷ ಸೇರಿದಾಗ ಬಾಡಿಗೆ ಮನೆ ಬಿಟ್ಟು ಭೋಗ್ಯಕ್ಕೆ ಹೋದೆವು. ಒಂದು ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಮೊತ್ತ ವಾಪಸ್. ಉಳಿಸುವವರಿಗೆ ಇದು ಚೆನ್ನಾಗಿಯೇ ಇರುತ್ತದೆ, ಮೊತ್ತ ವಾಪಸ್ ಬಂದರೆ. ನಮ್ಮ ಮನೆ ಮಾಲೀಕರು ಏಳು ತಿಂಗಳು ಸತಾಯಿಸಿದರು. "ಮುಂದಿನವರು ಬರಲಿ, ಅವರ ದುಡ್ಡು ಬಂದ ತಕ್ಷಣ ನಿಮ್ಮದು" ಅಂತ. ಭೋಗ್ಯದ ಒಳಗುಟ್ಟೇ ಅದು: ನಿಮ್ಮ ದುಡ್ಡನ್ನು ಅವರು ಎಲ್ಲೋ ಹಾಕಿ ಖಾಲಿ ಮಾಡಿರುತ್ತಾರೆ. ದುಡ್ಡು ಕೈಗೆ ಬರುವವರೆಗೆ ಬೀಗದ ಕೈ ಕೊಡಲೇಬೇಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ನೋಂದಣಿ ಆಗಲೇಬೇಕು. ಖರ್ಚು ಉಳಿಸಲು ಹನ್ನೊಂದು ತಿಂಗಳ ಕಾಗದ ಬರೆಸುತ್ತಾರಲ್ಲ, ಆ ಆಸೆಗೆ ಬೀಳಬೇಡಿ. ಆ ಮನೆಯ ಮೂಲ ಪತ್ರ ಮೊದಲೇ ಯಾವುದೋ ಬ್ಯಾಂಕಿನಲ್ಲಿ ಅಡ ಇದೆಯಾ ಅಂತಲೂ ನೋಡಿಕೊಳ್ಳಿ.

ದುಡ್ಡು ಎಲ್ಲಿಟ್ಟಿರಿ ಅಂತ ಕೇಳುತ್ತೀರಿ. ಆರ್‌ಡಿ, ಎಫ್‌ಡಿ, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ). ಅಷ್ಟೇ. ಪಿಪಿಎಫ್ ಬಡ್ಡಿ ನಾನು ಶುರು ಮಾಡಿದಾಗ ಶೇ 8 ಇತ್ತು, 2020ರಿಂದ 7.1ಕ್ಕೆ ಬಂದು ನಿಂತಿದೆ, ಆದರೆ ಅದಕ್ಕೆ ತೆರಿಗೆ ಇಲ್ಲ. ಏಳನೇ ವರ್ಷದಿಂದ ಒಂದು ಭಾಗ ತೆಗೆಯಬಹುದು. ಮ್ಯೂಚುವಲ್ ಫಂಡಿನ ಕಡೆ ಹೋಗುವ ಧೈರ್ಯ ನನಗಿರಲಿಲ್ಲ. ಹೋಗಿದ್ದರೆ ಎರಡು ವರ್ಷ ಬೇಗ ಆಗುತ್ತಿತ್ತೇನೋ. ಪಕ್ಕದ ಬೀದಿಯವರೊಬ್ಬರು ನಡೆಸುತ್ತಿದ್ದ ಚೀಟಿಗೆ ಸೇರಿ 60 ಸಾವಿರ ಕಳೆದುಕೊಂಡೆ. ನೋಂದಣಿ ಇಲ್ಲದ ಚೀಟಿ, ನೋಟ್‌ಬುಕ್ಕಿನಲ್ಲಿ ಬರೆದ ಲೆಕ್ಕ, ಅವರು ರಾತ್ರೋರಾತ್ರಿ ಊರು ಬಿಟ್ಟರು. ಇನ್ನೊಂದು ವಿಷಯ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು 5 ಲಕ್ಷದವರೆಗೆ ಮಾತ್ರ. ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅನ್ನುವ ಸೌಹಾರ್ದ, ಪತ್ತಿನ ಸಂಘಗಳಿಗೆ ಆ ವಿಮೆಯೇ ಇಲ್ಲ. ಮನೆಯ ದುಡ್ಡನ್ನು ಅಲ್ಲಿಡಬೇಡಿ.

ಕಳ್ಳರಿಗಿಂತ ದೊಡ್ಡ ಕಾಟ ನೆಂಟರದು. ಸಾಲ ಇದ್ದವನನ್ನು ಯಾರೂ ಸಾಲ ಕೇಳಲ್ಲ. ಎಂಟು ಲಕ್ಷ ಎಫ್‌ಡಿ ಇದೆ ಅಂತ ಗೊತ್ತಾದರೆ ಸಾಕು. "ಸುಮ್ನೆ ಬ್ಯಾಂಕಲ್ಲಿ ಕೊಳೀತಾ ಇದೆ, ಆರು ತಿಂಗಳಿಗೆ ಕೊಡು" ಅಂತ ಭಾವ ಬಂದು ಕೂತರು. ಕೊಟ್ಟೆ. ಎರಡು ವರ್ಷ ಆಯಿತು ವಾಪಸ್ ಬರಲು, ಅದೂ ಕಂತಿನಲ್ಲಿ. ಆಮೇಲೆ ಹೆಂಡತಿ ಒಂದು ಉತ್ತರ ಕಲಿಸಿಕೊಟ್ಟಳು: "ಎಲ್ಲಾ ಪಿಪಿಎಫ್‌ನಲ್ಲಿದೆ ಭಾವ, ಈಗ ತೆಗೆಯೋಕಾಗಲ್ಲ."

2017ರಲ್ಲಿ ಸೈಟು ಹುಡುಕಲು ಶುರು ಮಾಡಿದೆವು. ನನಗೆ ಅತಿ ಮುಖ್ಯ ಅನ್ನಿಸುವ ಮಾತು ಇಲ್ಲಿದೆ, ದಯವಿಟ್ಟು ನಿಧಾನವಾಗಿ ಓದಿ.

ಸಾಲ ತೆಗೆದುಕೊಳ್ಳುವವರ ಪತ್ರಗಳನ್ನು ಬ್ಯಾಂಕಿನ ವಕೀಲರು ನೋಡುತ್ತಾರೆ. ಬ್ಯಾಂಕಿಗೆ ತನ್ನ ದುಡ್ಡಿನ ಭಯ, ಅದಕ್ಕೆ ನೋಡಿಸುತ್ತದೆ. ಅದರಿಂದ ಕೊಳ್ಳುವವರಿಗೂ ರಕ್ಷಣೆ ಸಿಗುತ್ತದೆ. ಪೂರ್ತಿ ದುಡ್ಡು ಕೊಡುವ ನಮ್ಮಂಥವರಿಗೆ ಆ ಕಾವಲು ಇಲ್ಲ. ಇದು ಬ್ರೋಕರ್‌ಗಳಿಗೆ ಚೆನ್ನಾಗಿ ಗೊತ್ತು. "ಲೋನ್ ಬೇಡ, ಕೈಯಲ್ಲಿ ದುಡ್ಡಿದೆ" ಅಂತ ಬಾಯಿಬಿಟ್ಟ ವಾರದಲ್ಲೇ ನನಗೆ ತೋರಿಸಿದ ಸೈಟುಗಳೇ ಬೇರೆಯಾದವು. ಅಗ್ಗ, ದೊಡ್ಡವು, ರಸ್ತೆ ಪಕ್ಕ. ಎಲ್ಲಾ ರೆವಿನ್ಯೂ ಸೈಟು, ಅಂದರೆ ಕೃಷಿ ಜಮೀನನ್ನೇ ತುಂಡು ಮಾಡಿ ಮಾರುವುದು. ಭೂ ಪರಿವರ್ತನೆ ಆಗಿಲ್ಲ, ಬಡಾವಣೆಗೆ ಮಂಜೂರಾತಿ ಇಲ್ಲ. ಬ್ಯಾಂಕು ಅವಕ್ಕೆ ಸಾಲ ಕೊಡಲ್ಲ, ಅದಕ್ಕೇ ಅವು ಕೈಯಲ್ಲಿ ದುಡ್ಡಿರುವವರಿಗಾಗಿ ಕಾದು ಕೂತಿರುತ್ತವೆ.

ಅದಕ್ಕೇ ಆಮೇಲೆ ಸಾಲ ಬೇಡ ಅಂತ ಯಾರ ಹತ್ತಿರವೂ ಹೇಳಲಿಲ್ಲ. "ಇದಕ್ಕೆ ಯಾವ ಬ್ಯಾಂಕಿನ ಲೋನ್ ಆಗುತ್ತೆ? ಇದೇ ಬಡಾವಣೆಯಲ್ಲಿ ಲೋನ್ ತಗೊಂಡವರು ಯಾರಿದ್ದಾರೆ?" ಅಂತಲೇ ಕೇಳುತ್ತಿದ್ದೆ. ಉತ್ತರ ತಡವರಿಸಿದರೆ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ. ಬ್ಯಾಂಕುಗಳಿಗೇ ಪತ್ರ ನೋಡಿಕೊಡುವ ಒಬ್ಬ ವಕೀಲರನ್ನು ಹುಡುಕಿ, ಪ್ರತಿ ಸೈಟಿಗೂ ಫೀಸು ಕೊಟ್ಟು ನೋಡಿಸಿದೆ. ಮೊದಲ ಎರಡನ್ನು ಅವರು ಬೇಡ ಅಂದರು. ಅದರಲ್ಲೊಂದು ನನಗೆ ಬಹಳ ಇಷ್ಟವಾಗಿತ್ತು. ಕ್ರಯಪತ್ರ, ಖಾತೆ, ಕಂದಾಯ ರಸೀದಿ ಎಲ್ಲಾ ಸರಿ ಇದ್ದಂತೆ ಕಂಡಿತು. ವಂಶವೃಕ್ಷ ತರಿಸಿ ನೋಡಿದರೆ ಅಣ್ಣ ತಮ್ಮಂದಿರ ವಿಭಾಗ ಪತ್ರದಲ್ಲಿ ಇಬ್ಬರು ಹೆಣ್ಣುಮಕ್ಕಳ ಸಹಿಯೇ ಇಲ್ಲ. "ನಾಳೆ ಅವರ ಮಕ್ಕಳು ಕೋರ್ಟಿಗೆ ಹೋದರೆ ನಿಮ್ಮ ಮನೆ ಬಾಗಿಲಿಗೇ ಬರೋದು" ಅಂದರು ವಕೀಲರು. ಐದು ಸಾವಿರ ಫೀಸು ಕೊಡಲು ಅವತ್ತು ಕೈ ಹಿಂದೆ ಎಳೆಯಲಿಲ್ಲ.

ಇಸಿಯನ್ನು, ಅಂದರೆ ಆ ಜಾಗದ ಮಾರಾಟ, ಅಡಮಾನಗಳ ನೋಂದಣಿ ದಾಖಲೆಯನ್ನು, ಕನಿಷ್ಠ 30 ವರ್ಷದ್ದು ತೆಗೆಸಿ. ಮೂಲ ಪತ್ರಗಳನ್ನು ಜೆರಾಕ್ಸ್ ಅಲ್ಲ, ಅಸಲು ಕೈಯಲ್ಲಿ ಹಿಡಿದು ನೋಡಿ. ಅಸಲು "ಊರಲ್ಲಿದೆ" ಅಂದರೆ ಅದು ಬ್ಯಾಂಕಿನ ಬೀರುವಿನಲ್ಲಿ ಇರುವ ಸಾಧ್ಯತೆ ಉಂಟು. ಈಗ ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿಯೇ ಆಗಲ್ಲ, ಅದೊಂದು ಒಳ್ಳೆಯದಾಯಿತು.

ಅರ್ಧ ದುಡ್ಡು ನಗದು ಕೊಡಿ ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕಾನೂನು ಪಕ್ಕಕ್ಕಿಡಿ. ಹನಿ ಹನಿಯಾಗಿ ಬ್ಯಾಂಕಿನಲ್ಲಿ ಕೂಡಿಟ್ಟ ಬಿಳಿ ದುಡ್ಡನ್ನು ನಾವೇಕೆ ಕಪ್ಪು ಮಾಡಬೇಕು? ನಮಗೆ ಸಿಕ್ಕಿದ 30x40 ಅಡಿ ಸೈಟಿನ ಮಾಲೀಕರು ನಿವೃತ್ತ ಮೇಷ್ಟ್ರು, ಪೂರ್ತಿ ಡಿಡಿಯಲ್ಲಿ ತೆಗೆದುಕೊಂಡರು. 13 ಲಕ್ಷ. ನೋಂದಣಿ ಖರ್ಚು ಬೇರೆ. ಅದನ್ನು ನೀವು ಈಗಲೇ ಲೆಕ್ಕಕ್ಕೆ ಹಿಡಿಯಿರಿ. 2025ರ ಆಗಸ್ಟ್ ಕೊನೆಗೆ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಸ್ಟಾಂಪ್ ಡ್ಯೂಟಿ, ಸೆಸ್ಸು ಎಲ್ಲಾ ಸೇರಿ ಪಟ್ಟಣದಲ್ಲಿ ಶೇ 7.6. 30 ಲಕ್ಷದ ಸೈಟಿಗೆ ಎರಡೂಕಾಲು ಲಕ್ಷ ದಾಟುತ್ತದೆ.

ಸೈಟು ಆದ ಮೇಲೆ ಕೈ ಬರಿದು. ನಾಲ್ಕು ವರ್ಷ ಅಲ್ಲಿ ಪಾರ್ಥೇನಿಯಂ ಬೆಳೆಯಿತು. ಭಾನುವಾರ ಹೋಗಿ ಕಿತ್ತು ಬರುವುದು, ಕಲ್ಲು ಯಾರಾದರೂ ಸರಿಸಿದ್ದಾರಾ ನೋಡುವುದು. 2022ರ ಜನವರಿಯಲ್ಲಿ ಪಾಯ ತೆಗೆಸಿದೆವು. ಮೇಸ್ತ್ರಿಗೆ ಕೂಲಿ ಗುತ್ತಿಗೆ ಮಾತ್ರ, ಸಾಮಾನು ನಮ್ಮದು. ಎಂಟೂವರೆ ಚದರ, ನೆಲ ಅಂತಸ್ತು.

ಗೋಡೆ ಲಿಂಟಲ್‌ಗೆ ಬಂದಾಗ ಏಪ್ರಿಲ್. ಉಕ್ರೇನ್ ಯುದ್ಧ ಶುರುವಾಗಿ ಕಂಬಿ ಬೆಲೆ ಆಕಾಶಕ್ಕೆ ಹೋಗಿತ್ತು. ಮೇಸ್ತ್ರಿ ಮೋಲ್ಡ್ (ಛಾವಣಿಯ ಕಾಂಕ್ರೀಟು) ಹಾಕಲು ಅವಸರ ಮಾಡುತ್ತಿದ್ದರು. ನಾನು ಕೆಲಸ ನಿಲ್ಲಿಸಿದೆ. ಸಾಲ ಇಲ್ಲದ್ದರಿಂದ ಸಿಕ್ಕ ನಿಜವಾದ ಲಾಭ ನನಗೆ ಅರಿವಾದದ್ದು ಅವತ್ತೇ: ನಿಲ್ಲಿಸಿದರೆ ಯಾರೂ ಬಡ್ಡಿ ಕೇಳುವವರಿರಲಿಲ್ಲ. ಮೇ 22ಕ್ಕೆ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿತು, ಬೆಲೆ ಇಳಿಯತೊಡಗಿತು. ಜೂನ್ ಕೊನೆಗೆ ಹಾಕಿಸೋಣ ಅಂದರೆ ಆಷಾಢ ಕಳೆಯಲಿ ಅಂತ ಅಮ್ಮ ಹಟ ಹಿಡಿದರು. ಆಗಸ್ಟಿನಲ್ಲಿ ಮೋಲ್ಡ್ ಹಾಕುವಾಗ ಕಂಬಿ ಕೆ.ಜಿ.ಗೆ ಹದಿನೈದು ರೂಪಾಯಿ ಹತ್ತಿರ ಕಡಿಮೆಯಾಗಿತ್ತು. ಅಮ್ಮ ಇವತ್ತಿಗೂ ಅದು ಆಷಾಢದ ಮಹಿಮೆ ಅನ್ನುತ್ತಾರೆ. ಸಂಪು, ಕಾಂಪೌಂಡು, ಕರೆಂಟು ಎಲ್ಲಾ ಸೇರಿ ಕಟ್ಟಡಕ್ಕೆ 19 ಲಕ್ಷ.

ಇನ್ನು ನಿಮ್ಮ ವಿಷಯ. ಬೆಂಗಳೂರಿನ ಒಳಗೇ ಫ್ಲ್ಯಾಟ್ ಬೇಕು ಅಂತಿದ್ದರೆ ನನ್ನ ದಾರಿ ನಿಮಗೆ ಹೊಂದಲ್ಲ. ಅರ್ಧಕ್ಕಿಂತ ಜಾಸ್ತಿ ದುಡ್ಡು ಕೂಡಿಸಿ, ಉಳಿದದ್ದಕ್ಕೆ ಸಣ್ಣ ಸಾಲ ತಗೊಂಡು ಬೇಗ ತೀರಿಸಿ. ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ, 2012ರಿಂದಲೇ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಾಲ ಮಾಡಿದವರೆಲ್ಲ ದಡ್ಡರು ಅಂತ ನಾನಂತೂ ಹೇಳಲ್ಲ. ನನ್ನ ತಮ್ಮ ಸಾಲ ಮಾಡಿಯೇ ಮನೆ ತಗೊಂಡ, ಅವನ ಮಗ ಅದೇ ಮನೆಯಲ್ಲಿ ನಡೆಯಲು ಕಲಿತ.

ಊರ ಕಡೆ ಅಥವಾ ತುಮಕೂರು, ರಾಮನಗರದಂಥ ಕಡೆ ಇರಲು ನಿಮ್ಮ ಮನೆಯವರೂ ಒಪ್ಪಿದರೆ, ನಾಲ್ಕೈದು ವರ್ಷದೊಳಗೆ ಸೈಟಿನ ಮಟ್ಟಿಗಾದರೂ ಮುಗಿಸಿಕೊಳ್ಳಿ. ಪತ್ರ ನೋಡಿಸುವುದಕ್ಕೆ ಜಿಪುಣತನ ಮಾಡಬೇಡಿ.

ನಮ್ಮ ಮಹಡಿ ಮೇಲೆ ಪಿಲ್ಲರ್ ಕಂಬಿಗಳು ಇನ್ನೂ ಆಕಾಶ ನೋಡುತ್ತಾ ನಿಂತಿವೆ. ತುಕ್ಕು ಹಿಡಿಯದಿರಲಿ ಅಂತ ಸಿಮೆಂಟ್ ನೀರು ಬಳಿದಿದ್ದೇನೆ. ಮಗಳಿಗೆ ಅಲ್ಲೊಂದು ರೂಮು ಬೇಕಂತೆ. ಹೋದ ಯುಗಾದಿಯಿಂದ ಅದಕ್ಕೊಂದು ಆರ್‌ಡಿ ಶುರುವಾಗಿದೆ, ತಿಂಗಳಿಗೆ ಎಂಟು ಸಾವಿರ.