ಬಂಗಾರದ ಉಂಗುರವೋ, ಒಂದು ಪುಟದ ಪತ್ರವೋ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. ನಮ್ಮ ಮುಖ್ಯ ಶಿಕ್ಷಕಿಯವರು ದಾವಣಗೆರೆಯಿಂದ ದಿನವೂ ಮೊದಲ ಬಸ್ಸಿಗೆ ಬಂದು, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಕೂರಿಸಿಕೊಂಡು ಓದಿಸುತ್ತಾರೆ. ಈ ಬಾರಿಯ ಶಿಕ್ಷಕರ ದಿನಾಚರಣೆಗೆ ಊರವರೆಲ್ಲ ಚಂದಾ ಎತ್ತಿ ಅವರಿಗೆ ಬಂಗಾರದ ಉಂಗುರ ತೊಡಿಸಬೇಕೆಂದು ಮಾತಾಗಿದೆ. ಮೇಡಂ ಅವರು ಒಪ್ಪುತ್ತಿಲ್ಲ. ಒಪ್ಪಿಸುವುದು ಹೇಗೆ? ಅವರಿಗೆ ಪ್ರಶಸ್ತಿ ಕೊಡಿಸಲು ನಾವೇನಾದರೂ ಮಾಡಬಹುದೇ?

ಉತ್ತರ: ದಯವಿಟ್ಟು ಒಪ್ಪಿಸಬೇಡಿ. ಸರ್ಕಾರಿ ನೌಕರರ ನಡತೆ ನಿಯಮಗಳು ಬೆಲೆಬಾಳುವ ಉಡುಗೊರೆಯನ್ನು ಅನುಮತಿಯಿಲ್ಲದೆ ಸ್ವೀಕರಿಸಲು ಬಿಡುವುದಿಲ್ಲ. ನೀವು ಪ್ರೀತಿಯಿಂದ ತೊಡಿಸಿದ ಉಂಗುರ ನಾಳೆ ಯಾರೋ ಬರೆಯುವ ಅನಾಮಧೇಯ ಅರ್ಜಿಗೆ ವಸ್ತುವಾಗಬಹುದು. ಚಂದಾ ಎತ್ತುವಾಗ ಕೂಲಿಗೆ ಹೋಗುವ ತಂದೆತಾಯಿಯರು ಸಂಕೋಚಕ್ಕೆ ಬಿದ್ದು ಕೊಡುತ್ತಾರೆ ಎಂಬುದೂ ನಿಮ್ಮ ಮೇಡಂ ಅವರಿಗೆ ಗೊತ್ತಿದ್ದೀತು.

ನನ್ನದೇ ಅನುಭವವೊಂದನ್ನು ಹೇಳುತ್ತೇನೆ. ನಾನು ಚಳ್ಳಕೆರೆ ತಾಲ್ಲೂಕಿನ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ನಿವೃತ್ತನಾಗುವ ಹೊತ್ತಿಗೆ ಮನೆಯಲ್ಲಿ ಸನ್ಮಾನದ ಶಾಲುಗಳು ಒಂದು ಟ್ರಂಕಿನಷ್ಟಾಗಿದ್ದವು; ಅವುಗಳಲ್ಲಿ ಯಾವುದನ್ನು ಯಾರು, ಯಾವುದಕ್ಕಾಗಿ ಹೊದಿಸಿದರೆಂದು ಕೇಳಿದರೆ ಹೇಳಲಾರೆ. ಆದರೆ ಕುರಿ ಕಾಯುವ ತಂದೆಯೊಬ್ಬರು ಹಿರಿಯ ಮಗಳ ಕೈಯಿಂದ ಬರೆಸಿ ಕಳಿಸಿದ ಇನ್‌ಲ್ಯಾಂಡ್ ಪತ್ರವೊಂದು ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಇದ್ದದ್ದು ಇಷ್ಟೇ: ‘ಹುಡುಗ ಈಗ ಕುರಿ ಮಾರಿದ ಲೆಕ್ಕ ಬರೆದಿಡುತ್ತಾನೆ. ಈ ಸಲ ಸಂತೆಯಲ್ಲಿ ನಮಗೆ ಮೋಸ ಆಗಲಿಲ್ಲ.’ ಕಳೆಯುವ ಲೆಕ್ಕವನ್ನು ಆ ಹುಡುಗನಿಗೆ ಹುಣಸೆಬೀಜ ಹರಡಿ ಎಷ್ಟು ದಿನ ಹೇಳಿಕೊಟ್ಟಿದ್ದೆನೋ! ನನ್ನ ಯಾವ ಕೆಲಸ ಯಾರ ಮನೆಯಲ್ಲಿ ಏನಾಯಿತು ಎಂಬುದನ್ನು ಆ ಎರಡು ಸಾಲು ನನಗೆ ತಿಳಿಸಿತು.

ನೀವೂ ಅದನ್ನೇ ಮಾಡಿ. ಎಸ್‌ಡಿಎಂಸಿ ಸಭೆ ಕರೆದು, ಮೇಡಂ ಅವರು ಪ್ರಾರ್ಥನೆಗೆ ಮುಂಚೆ ಓದಿಸಲು ಶುರು ಮಾಡಿದ್ದು ಯಾವ ತಿಂಗಳಿಂದ, ಎಷ್ಟು ಮಕ್ಕಳು ಅಕ್ಷರ ಕೂಡಿಸಿ ಓದುವಂತಾದರು ಎಂಬುದನ್ನು ತಂದೆತಾಯಿಯರ ಬಾಯಿಂದಲೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸದಸ್ಯರೆಲ್ಲರ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮುಟ್ಟಿಸಿ, ಇನ್ನೊಂದನ್ನು ಮೇಡಂ ಅವರ ಕೈಗೆ ಕೊಡಿ. ಆ ಕಚೇರಿಗೆ ಹಳ್ಳಿಗಳಿಂದ ದೂರಿನ ಅರ್ಜಿ ಹೋಗುವುದು ವಾಡಿಕೆ. ಮೆಚ್ಚುಗೆಯ ಅರ್ಜಿ ಹೋಗುವುದು ಅಪರೂಪ. ಈ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರ ಸರ್ಕಾರಿ ಆದೇಶದಿಂದ ಹುಟ್ಟಿದವು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹಾಗಾಗಿ ಅದರ ನಡಾವಳಿ ಊರ ತಾಯಂದಿರ ಮಾತಾಗಿಯೂ ನಿಲ್ಲುತ್ತದೆ.

ಪ್ರಶಸ್ತಿಯ ವಿಷಯ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಅರ್ಜಿ ಹಾಕಿಕೊಳ್ಳುವ ಪದ್ಧತಿ ಬಂದಿದೆ. ತಮ್ಮ ಕೆಲಸವನ್ನು ತಾವೇ ಹೊಗಳಿ ಬರೆದು, ಫೋಟೊ, ವಿಡಿಯೊ ಜೋಡಿಸುವುದಕ್ಕೆ ನಿಮ್ಮ ಮೇಡಂ ಅವರಂಥವರು ಹಿಂಜರಿಯುತ್ತಾರೆ. ಊರಿನಲ್ಲಿ ಪದವಿ ಓದಿದ ಹುಡುಗ ಹುಡುಗಿಯರಿದ್ದರೆ ಆ ದಾಖಲೆ ಕೂಡಿಸುವ ಕೆಲಸವನ್ನು ಅವರಿಗೆ ವಹಿಸಿ. ಬಾರದಿದ್ದರೆ ನಷ್ಟವೇನೂ ಇಲ್ಲ, ದಾಖಲೆಯಾದರೂ ಉಳಿಯುತ್ತದೆ.

ಉಂಗುರಕ್ಕೆಂದು ಎತ್ತಿಟ್ಟಿದ್ದ ಉತ್ಸಾಹವನ್ನು ಇನ್ನೊಂದು ಕಡೆಗೂ ತಿರುಗಿಸಬಹುದು. ಮುಖ್ಯ ಶಿಕ್ಷಕರ ದಿನ ಪಾಠದಲ್ಲಿ ಮಾತ್ರ ಕಳೆಯುವುದಿಲ್ಲ. ಹಾಜರಾತಿಯನ್ನು ಆನ್‌ಲೈನಿನಲ್ಲಿ ತುಂಬಬೇಕು, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಇಡಬೇಕು, ಮೊಟ್ಟೆ ತರಿಸಬೇಕು. ನಿಗದಿಯಾದ ದರಕ್ಕೂ ಅಂಗಡಿಯ ದರಕ್ಕೂ ಅಂತರ ಬಿದ್ದರೆ ಹಲವು ಕಡೆ ಅದನ್ನು ತುಂಬುವುದೂ ಮುಖ್ಯ ಶಿಕ್ಷಕರ ಜೇಬೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆಯಾದರೂ, ಶಾಲೆಯೊಳಗಿನ ಈ ಸಣ್ಣಪುಟ್ಟ ಹೊರೆಗಳು ಆ ಕಲಮಿನ ಕೈಗೆ ಸಿಗುವುದಿಲ್ಲ. ಸಮಿತಿಯ ಇಬ್ಬರು ಸದಸ್ಯರು ಮೊಟ್ಟೆ ತರುವ ಜವಾಬ್ದಾರಿ ಹೊತ್ತು, ಬೆಳಗ್ಗೆ ಅಡುಗೆಮನೆಗೆ ತಲುಪಿಸಿ ರಸೀದಿ ಇಟ್ಟರೆ, ನಿಮ್ಮ ಮಕ್ಕಳಿಗೆ ವಾರದಲ್ಲಿ ಒಂದೆರಡು ಗಂಟೆಯ ಪಾಠ ಹೆಚ್ಚು ಸಿಕ್ಕೀತು. ಅಡುಗೆಯವರಿಗೂ ಒಂದು ಒಳ್ಳೆಯ ಮಾತು ಆಡಿ. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ನೂರು ಮಕ್ಕಳಿಗೆ ಸಾರು ಕುದಿಸುವವರನ್ನು ಸೆಪ್ಟೆಂಬರ್ 5ರಂದು ಯಾರೂ ವೇದಿಕೆಗೆ ಕರೆಯುವುದಿಲ್ಲ.

ಆ ದಿನ ಯಾರ ಹುಟ್ಟುಹಬ್ಬವೋ ಆ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರೆಂಬ ಮಾತು ಪ್ರಸಿದ್ಧವಾಗಿದೆ. ಬೀಳ್ಕೊಡುವಾಗ ಗಾಡಿ ಎಳೆಯುವುದು ದೊಡ್ಡದೇ. ನಿಮ್ಮ ಮೇಡಂ ಇನ್ನೂ ನಿಮ್ಮ ಶಾಲೆಯಲ್ಲೇ ಇದ್ದಾರಲ್ಲ, ಈಗಲೇ ಒಂದು ಕೈ ಹಚ್ಚಿ.

ಪ್ರಶ್ನೆ: ಚಿತ್ರದುರ್ಗದ ಓದುಗ ನಾನು. ಸರ್ಕಾರಿ ಶಾಲೆಯ ಶಿಕ್ಷಕರನ್ನು ಹೀಗೆ ಹೊಗಳುತ್ತಾ ಹೋದರೆ, ತಡವಾಗಿ ಬಂದು ಮೊಬೈಲ್ ನೋಡುತ್ತಾ ಕೂರುವವರ ಕಥೆ ಏನು? ಸಂಬಳ ಪಡೆಯುವವರಿಗೆ ಮೆಚ್ಚುಗೆ ಬೇರೆ ಬೇಕೇ?

ಉತ್ತರ: ತಡವಾಗಿ ಬರುವವರಿದ್ದಾರೆ, ಅವರ ಮೇಲೆ ದೂರು ಕೊಡಿ, ನಾನು ಅಡ್ಡ ಬರುವುದಿಲ್ಲ. ಆದರೆ ಒಬ್ಬರ ತಪ್ಪಿಗೆ ಪಕ್ಕದ ಕೊಠಡಿಯವರೂ ಬೈಗುಳ ತಿನ್ನುವಂತಾದರೆ, ಸಮಯಕ್ಕೆ ಬರುವವರಿಗೂ ಬಾರದವರಿಗೂ ಊರಿನ ಲೆಕ್ಕದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಸಂಬಳದ ಮಾತಿಗೆ ಬಂದರೆ, ಅತಿಥಿ ಶಿಕ್ಷಕರು ಪಡೆಯುವುದು ಸಂಬಳವಲ್ಲ, ಗೌರವಧನ; ಅದೂ ಶಾಲಾ ವರ್ಷ ಮುಗಿದರೆ ಮುಗಿಯಿತು. ನಿಮ್ಮ ಬಡಾವಣೆಯ ಶಾಲೆಯಲ್ಲಿ ಗಣಿತ ಹೇಳುತ್ತಿರುವವರು ಕಾಯಂ ಶಿಕ್ಷಕರೋ ಅತಿಥಿಗಳೋ ಎಂದು ಒಮ್ಮೆ ವಿಚಾರಿಸಿ, ಆಮೇಲೆ ಈ ಪ್ರಶ್ನೆಯನ್ನು ಮತ್ತೆ ಬರೆಯಿರಿ.

ಪ್ರಶ್ನೆ: ದಾವಣಗೆರೆ ನಗರದ ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕ ನಾನು. ದೂರವಾಣಿ ಇಲಾಖೆಯಿಂದ ನಿವೃತ್ತರಾದ ತಾಯಿಯೊಬ್ಬರು ವಾರಕ್ಕೆ ಎರಡು ದಿನ ತಾವಾಗಿಯೇ ಬಂದು ನಾಲ್ಕನೆಯ ತರಗತಿಯ ಮಕ್ಕಳಿಗೆ ಓದು ಕಲಿಸುತ್ತಿದ್ದಾರೆ. ಒತ್ತಕ್ಷರ ಬಂದಲ್ಲೆಲ್ಲ ‘ಮಂಡಕಿ’, ‘ಬೆಣೆ’ ಎಂದು ಓದುತ್ತಿದ್ದ ಹುಡುಗಿಗೆ ಅವರು ಮಂಡಕ್ಕಿ ಕಟ್ಟಿದ ಪೊಟ್ಟಣದ ಕಾಗದದ ಮೇಲೆಯೇ ಬೆಣ್ಣೆ, ಮಂಡಕ್ಕಿ, ಮಿರ್ಚಿ ಎಂದು ಬರೆದು ತೋರಿಸಿ ಕಲಿಸಿದರು. ಅವರನ್ನು ಗೌರವಿಸಲು ಶಾಲೆಯಲ್ಲಿ ಅನುದಾನವಿಲ್ಲ. ಏನು ಮಾಡಲಿ?

ಉತ್ತರ: ಊರಿನ ಬಾಯಿರುಚಿಯಿಂದಲೇ ಸಜಾತಿಯ ಒತ್ತನ್ನೂ ಅರ್ಕಾವೊತ್ತನ್ನೂ ಹಿಡಿಸಿದ ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಅನುದಾನ ಬೇಕಾಗಿಲ್ಲ. ಆ ಪೊಟ್ಟಣದ ಕಾಗದ ಇನ್ನೂ ಇದ್ದರೆ ಹುಡುಗಿಯ ನೋಟ್‌ಬುಕ್ಕಿಗೆ ಅಂಟಿಸಿ, ಜೂನ್ ತಿಂಗಳ ಪುಟ ಮತ್ತು ಈ ತಿಂಗಳ ಪುಟ ಎರಡನ್ನೂ ಅವರ ಮುಂದೆ ತೆರೆದಿಡಿ. ಅವರು ಬಂದ ದಿನ ಹುಡುಗಿಯೇ ಎದ್ದು ನಿಂತು ಒಂದು ಪುಟ ಓದಿ ಕೇಳಿಸಲಿ.

ಒಂದು ಎಚ್ಚರ ಮಾತ್ರ ಇರಲಿ. ಸ್ವಯಂಸೇವಕರು ಬಂದರೆಂದು ಅವರಿಗೆ ತರಗತಿ ಒಪ್ಪಿಸಿ ನಿಮ್ಮ ಶಿಕ್ಷಕರು ಕಚೇರಿ ಕೆಲಸಕ್ಕೆ ಕೂರುವುದು ಸಲ್ಲದು. ಸಹಾಯಕ್ಕೆ ಬಂದವರನ್ನು ಖಾಲಿ ಹುದ್ದೆ ತುಂಬಲು ಬಳಸಿಕೊಂಡರೆ ಅವರಿಗೂ ಬೇಸರ, ಮಕ್ಕಳಿಗೂ ನಷ್ಟ. ಮುಂದೆ ಅವರು ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಕೊಠಡಿಗೆ ಬರಲು ಬಯಸಿದರೆ, ಅಲ್ಲಿ ಒಂದೇ ಸಾಲಿನಲ್ಲಿ ಕುಳಿತ ಮಕ್ಕಳು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುತ್ತಾರೆ ಎಂಬುದನ್ನು ಕಾರ್ಡು ತೋರಿಸಿ ವಿವರಿಸಿ. ಹೇಳದಿದ್ದರೆ ಎಲ್ಲರಿಗೂ ಒಂದೇ ಪಾಠ ಒಪ್ಪಿಸಲು ಹೊರಟು ಕಂಗಾಲಾಗುತ್ತಾರೆ.

ಅವರಿಗೆ ಕೂರಲು ಒಂದು ಕುರ್ಚಿ, ಪುಸ್ತಕ ಇಡಲು ಬೀರುವಿನಲ್ಲಿ ಒಂದು ಅರೆ ಗೊತ್ತುಮಾಡಿ. ಅವರ ಫೋನ್ ನಂಬರನ್ನು ನಿಮ್ಮ ಶಿಕ್ಷಕರ ಗುಂಪಿನಲ್ಲಿ ಸೇರಿಸಿ. ದುಗ್ಗಮ್ಮನ ಜಾತ್ರೆಗೆ ಸ್ಥಳೀಯ ರಜೆ ಕೊಟ್ಟಾಗಲೋ, ಮಕ್ಕಳನ್ನು ಪ್ರತಿಭಾ ಕಾರಂಜಿಗೆ ಕರೆದೊಯ್ದಾಗಲೋ ಹಿಂದಿನ ಸಂಜೆಯೇ ಅವರಿಗೊಂದು ಮಾತು ತಿಳಿಸಿ. ಆ ವಯಸ್ಸಿನಲ್ಲಿ ಬಿಸಿಲಿಗೆ ನಡೆದು ಬಂದು, ಬೀಗ ಹಾಕಿದ ಗೇಟು ನೋಡಿಕೊಂಡು ವಾಪಸು ಹೋಗುವ ಹಾಗೆ ಆಗಬಾರದು.