ಭಾವನ ಲ್ಯಾಂಡಿಂಗೂ ಪಂಕ್ತಿಯ ಮಾತೂ

ಪ್ರಶ್ನೆ: ನಾನು ಶಿರಸಿ ಕಡೆಯವಳು, ವಯಸ್ಸು 29. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದು ನನ್ನನ್ನು ಪೈಲಟ್ ಮಾಡಿದರು. ಏರ್‌ಬಸ್ ಎ320ರಲ್ಲಿ ಕೋ-ಪೈಲಟ್ ಆಗಿದ್ದೇನೆ, ಸದ್ಯದಲ್ಲೇ ಕ್ಯಾಪ್ಟನ್ ತರಬೇತಿ ಶುರುವಾಗುತ್ತದೆ. ಅಕ್ಕನ ಗಂಡ ನೌಕಾಪಡೆಯಲ್ಲಿ ಮಿಗ್-29ಕೆ ಯುದ್ಧವಿಮಾನ ಹಾರಿಸುತ್ತಿದ್ದವರು. ಈಗ ಕಾರವಾರದಲ್ಲಿ ಮನೆ ಮಾಡಿಕೊಂಡು ನಮ್ಮ ಕಂಪನಿಗೇ ಕೋ-ಪೈಲಟ್ ಆಗಿ ಸೇರಿದ್ದಾರೆ. ಸಿಕ್ಕಾಗಲೆಲ್ಲ 'ದುಡ್ಡು ಕಟ್ಟಿ ಕಲಿತ ಪೈಲಟ್', 'ಬಟನ್ ಒತ್ತುವ ಕೂಸು' ಎಂದು ಕಾಡಿಸುತ್ತಾರೆ. ನಾನೂ ಬಿಡುವವಳಲ್ಲ. ಹೋದ ತಿಂಗಳು ಉಪನಯನದ ಊಟದ ಪಂಕ್ತಿಯಲ್ಲಿ, 'ಭಾವ, ಹಡಗಿನ ಹಾಗೆ ರನ್‌ವೇ ಮೇಲೆ ಹಿಡಿದು ನಿಲ್ಲಿಸೋ ಕೇಬಲ್ ಇರೋದಿಲ್ಲ, ಹಾಗೆ ಬಡಿದು ಇಳಿಸಬೇಡಿ. ನಿಮಗೆ ತರಬೇತೀಲಿ ಹೆಚ್ಚುವರಿ ಸೆಕ್ಟರ್ (ಹಾರಾಟ) ಕೊಟ್ಟಿದ್ದು ಗೊತ್ತಾಯ್ತು' ಎಂದೆ. ಎಲ್ಲರೂ ನಕ್ಕರು, ಭಾವ ಎದ್ದು ಕೈತೊಳೆಯಲು ಹೋದವರು ಅಂದಿನಿಂದ ಮಾತು ಬಿಟ್ಟಿದ್ದಾರೆ. ಅಕ್ಕನೂ ಮುನಿಸಿಕೊಂಡಿದ್ದಾಳೆ. ನಮ್ಮಿಬ್ಬರನ್ನು ಒಂದೇ ವಿಮಾನಕ್ಕೆ ಹಾಕಬೇಡಿ ಎಂದು ಡ್ಯೂಟಿ ಹಂಚುವ ರೋಸ್ಟರ್ ವಿಭಾಗಕ್ಕೆ ಹೇಳಲೇ? ಇಷ್ಟು ವರ್ಷ ತಮಾಷೆ ನಡೆದೇ ಇತ್ತು, ಈ ಸಲ ಏನು ತಪ್ಪಾಯಿತು?
ಹೆಸರು ಬೇಡ, ಶಿರಸಿ

ಉತ್ತರ: ಕೇಬಲ್ ಮಾತಿಗೆ ಭಾವ ಮುನಿಸಿಕೊಂಡಿರಲಾರರು. ಯುದ್ಧವಿಮಾನದಿಂದ ಬಂದವರಿಗೆ ಆ ಕೀಟಲೆ ಹೊಸದಲ್ಲ, ಅದಕ್ಕೆ ಅವರ ಹತ್ತಿರ ನಾಲ್ಕು ಉತ್ತರ ಇದ್ದೇ ಇರುತ್ತವೆ. ನೋವಾದದ್ದು ಹೆಚ್ಚುವರಿ ಸೆಕ್ಟರಿನ ಸುದ್ದಿಗೆ. ಅದು ತರಬೇತಿ ಕಡತದ ವಿಷಯ, ಭಾವನಿಗೂ ತರಬೇತುದಾರರಿಗೂ ಕಂಪನಿಗೂ ಬಿಟ್ಟರೆ ಇನ್ಯಾರಿಗೂ ಸೇರಿದ್ದಲ್ಲ. ನಿಮ್ಮ ಕಿವಿಗೆ ಬಿದ್ದದ್ದೇ ತಪ್ಪು, ಅದನ್ನು ನೀವು ಬಾಳೆ ಎಲೆಯ ಮುಂದೆ ಬಡಿಸಿದ್ದು ಇನ್ನೂ ದೊಡ್ಡ ತಪ್ಪು. ಇನ್ನು ಕೆಲವು ತಿಂಗಳಲ್ಲಿ ನೀವೇ ಕ್ಯಾಪ್ಟನ್. ಪಕ್ಕದಲ್ಲಿ ಕುಳಿತವರ ಎಡವಟ್ಟು ನಾಳೆ ಮದುವೆಮನೆಯ ಸುದ್ದಿಯಾಗುತ್ತದೆ ಎಂದಾದರೆ ನಿಮ್ಮೆದುರು ತಪ್ಪು ಒಪ್ಪಿಕೊಳ್ಳುವವರು ಯಾರು?

ಭಾವನ ಲ್ಯಾಂಡಿಂಗ್ ಯಾಕೆ ಗಟ್ಟಿಯಾಯಿತು ಎಂಬುದನ್ನು ಒಮ್ಮೆ ಅವರ ಕೈಯ ಕಡೆಯಿಂದ ನೋಡಿ. ಕಾರವಾರವನ್ನೇ ತವರು ಬಂದರು ಮಾಡಿಕೊಂಡಿರುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಡೆಕ್ಕಿನ ಮೇಲೆ ಇಳಿಯುವವನು ಮೂಗು ಎತ್ತಿ ತೇಲಿಸುವಂತಿಲ್ಲ. ತೇಲಿಸಿದರೆ ಮೂರು ಕೇಬಲ್‌ಗಳನ್ನೂ ದಾಟಿ ಮುಂದೆ ಹೋಗುತ್ತಾನೆ. ಆದ್ದರಿಂದ ಒಂದೇ ಕೋನ ಹಿಡಿದು ಡೆಕ್ಕಿಗೆ ಕೂರಿಸುತ್ತಾನೆ. ಚಕ್ರ ತಾಗಿದ ಕೂಡಲೇ ಥ್ರಾಟಲನ್ನು ಪೂರ್ತಿ ಮುಂದೆ ನೂಕುತ್ತಾನೆ, ಕೊಕ್ಕೆ ಕೇಬಲ್‌ಗೆ ಸಿಗದಿದ್ದರೆ ಮತ್ತೆ ಏರಬೇಕಲ್ಲ. ನಿಮ್ಮ ಎ320 ಕೇಳುವುದು ಇದರ ಉಲ್ಟಾ. 3 ಡಿಗ್ರಿ ಇಳಿಜಾರಿನಲ್ಲಿ, ನೆಲದ ಲೆಕ್ಕಕ್ಕೆ ಸುಮಾರು 140 ನಾಟ್ ವೇಗದಲ್ಲಿ, ವಿಮಾನ ನಿಮಿಷಕ್ಕೆ 700 ಅಡಿಯಷ್ಟು ಇಳಿಯುತ್ತಿರುತ್ತದೆ. 50 ಅಡಿಯಲ್ಲಿ ಕಂಪ್ಯೂಟರ್ ಮೂಗಿನ ಕೋನವನ್ನು ನೆನಪಿಟ್ಟುಕೊಂಡು, 30 ಅಡಿಯಿಂದ ತಾನೇ ಮೆಲ್ಲಗೆ ಮೂಗು ತಗ್ಗಿಸತೊಡಗುತ್ತದೆ. ಪೈಲಟ್ ಕೈಯಿಂದ ಹಿಂದಕ್ಕೆ ಎಳೆಯಲೇಬೇಕು. ಎಳೆಯದೆ ಕೋನ ಹಿಡಿದೇ ಕೂತರೆ ಬಡಿಯುತ್ತದೆ. 20 ಅಡಿಯಲ್ಲಿ 'ರಿಟಾರ್ಡ್' ಎಂದು ಯಂತ್ರ ಕೂಗುತ್ತದೆ, ಆಗ ಇಂಜಿನ್ ಶಕ್ತಿಯ ಥ್ರಸ್ಟ್ ಲಿವರನ್ನು ಹಿಂದಕ್ಕೆಳೆದು ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ, ತರಬೇಕು. ಇಳಿದ ಮೇಲೂ ಲಿವರ್ ಮುಂದೆಯೇ ಉಳಿದರೆ ರೆಕ್ಕೆಯ ಮೇಲೆ ಎದ್ದು ತೇಲುವಿಕೆ ತಗ್ಗಿಸುವ ಸ್ಪಾಯ್ಲರ್ ಪಟ್ಟಿಗಳು ಏಳುವುದಿಲ್ಲ, ಭಾರ ಚಕ್ರಕ್ಕೆ ಬರುವುದಿಲ್ಲ, ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಮಳೆಗಾಲದ ಒದ್ದೆ ರನ್‌ವೇ ಆದರಂತೂ ಕೇಳುವುದೇ ಬೇಡ. ಅಷ್ಟು ವರ್ಷ ಜೀವ ಕಾಪಾಡಿದ ಕೈಚಳಕವನ್ನೇ ಭಾವ ಈಗ ಮರೆಯಬೇಕಾಗಿದೆ. ಅದಕ್ಕೆ ನಾಲ್ಕು ಸೆಕ್ಟರ್ ಹೆಚ್ಚು ಹಿಡಿದರೆ ಅದು ದಡ್ಡತನವಲ್ಲ.

ಇದೇ ಪಾಡು ನಿಮಗೂ ಬರಲಿದೆ. ಬಲ ಸೀಟಿನಲ್ಲಿ ಬಲಗೈಯಲ್ಲಿ ಹಿಡಿದ ಸೈಡ್‌ಸ್ಟಿಕ್ (ವಿಮಾನ ನಡೆಸುವ ಹಿಡಿ) ಕ್ಯಾಪ್ಟನ್ನರ ಎಡ ಸೀಟಿಗೆ ಹೋದ ದಿನ ಎಡಗೈಗೆ ಬರುತ್ತದೆ, ಥ್ರಸ್ಟ್ ಲಿವರ್ ಬಲಗೈಗೆ. ಮೂಗು ಎತ್ತಿ ನೆಲಕ್ಕೆ ತಾಗಿಸುವ ಮೊದಲ ಕೆಲವು ಫ್ಲೇರ್‌ಗಳಲ್ಲಿ ಯಾವ ಕೈ ಏನು ಮಾಡುತ್ತಿದೆ ಎಂದು ನಿಮಗೇ ಗಲಿಬಿಲಿಯಾಗಬಹುದು. ಆ ಕಡತವೂ ಯಾರದೋ ಕಪಾಟಿನಲ್ಲಿ ಇರುತ್ತದೆ.

'ದುಡ್ಡು ಕಟ್ಟಿದವಳು' ಎಂಬುದಕ್ಕೆ ಹೆಚ್ಚು ಮಾತು ಬೇಡ. ದುಡ್ಡು ಕಟ್ಟಿದರೆ ಕಲಿಯಲು ಪುಟ್ಟ ಸೆಸ್ನಾ ವಿಮಾನ ಸಿಗುತ್ತದೆ. ಲೈಸೆನ್ಸಿಗೆ ಬೇಕಾದ 200 ತಾಸಿನ ಹಾರಾಟ, ಪ್ರತಿ ಪತ್ರಿಕೆಗೆ ಶೇ 70 ಅಂಕ, ಕ್ಲಾಸ್ 1 ಮೆಡಿಕಲ್ ಇವನ್ನು ತೋಟ ಮಾರಿದರೂ ಕೊಳ್ಳಲಾಗದು. ಆದರೆ 'ಬಟನ್ ಒತ್ತುವವಳು' ಎಂಬ ಮಾತು ನಿಮಗೆ ಚುಚ್ಚುವುದಕ್ಕೆ ಕಾರಣ ಅದರಲ್ಲಿ ಕೊಂಚ ನಿಜವಿರುವುದೇ. ಸಣ್ಣ ವಿಮಾನದಿಂದ ನೇರ ಜೆಟ್‌ಗೆ ಬಂದವರು ಆಟೋಪೈಲಟ್ ಇಲ್ಲದೆ, ಮೂಗು ಎತ್ತ ಇಡಬೇಕೆಂದು ಪರದೆಯಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್ ಇಲ್ಲದೆ, ಬರೀ ಮೂಗಿನ ಕೋನ ಮತ್ತು ಇಂಜಿನ್ ಶಕ್ತಿಯ ಅಂದಾಜಿನಲ್ಲಿ ಹಾರಿಸಿದ್ದು ಕಡಿಮೆ. ಕ್ಯಾಪ್ಟನ್ ತರಬೇತಿಯ ಸಿಮ್ಯುಲೇಟರ್‌ನಲ್ಲಿ ಅದನ್ನೇ ಕೇಳುತ್ತಾರೆ. ಭಾವನಿಗೆ ಅದು ಅಂಗೈ ನೆಲ್ಲಿ. ಭಾವನಿಗೆ ಇಲ್ಲದ್ದು ಪಕ್ಕದವರೊಂದಿಗೆ ಹಂಚಿಕೊಂಡು ಹಾರಿಸುವ ರೂಢಿ: ಒಂದೇ ಸೀಟಿನ ವಿಮಾನದಲ್ಲಿ ನಿರ್ಧಾರವನ್ನು ಬಾಯಿಬಿಟ್ಟು ಹೇಳುವುದು ಯಾರಿಗೆ? ಅದು ನಿಮಗೆ ಮೊದಲ ದಿನದಿಂದಲೇ ಕಲಿಸಿದ ಪಾಠ.

ಹಡ್ಸನ್ ನದಿಯ ಮೇಲೆ 2009ರ ಜನವರಿ 15ರಂದು ಎ320 ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅಮೆರಿಕದ ವಾಯುಪಡೆಯಲ್ಲಿ ಎಫ್-4 ಹಾರಿಸಿದವರು. ಪಕ್ಕದಲ್ಲಿದ್ದ ಜೆಫ್ರಿ ಸ್ಕೈಲ್ಸ್ ನಾಗರಿಕ ದಾರಿಯಲ್ಲಿ ಬಂದವರು, ಆ ಮಾದರಿಯ ವಿಮಾನಕ್ಕೆ ತೀರಾ ಹೊಸಬರು. ಹಕ್ಕಿ ಬಡಿದಾಗ ವಿಮಾನ ಸ್ಕೈಲ್ಸ್ ಕೈಯಲ್ಲಿತ್ತು, ಕ್ಯಾಪ್ಟನ್ ತೆಗೆದುಕೊಂಡರು, ಸ್ಕೈಲ್ಸ್ ಆ ಕ್ಷಣವೇ ಚೆಕ್‌ಲಿಸ್ಟ್‌ಗೆ ಇಳಿದರು. ನಮ್ಮ ಕರಾವಳಿಯದೇ ಇನ್ನೊಂದು ಮುಖ 2010ರ ಮೇ 22, ಮಂಗಳೂರು. ಮೂರು ಸಲ ಕೋ-ಪೈಲಟ್ 'ಗೋ ಅರೌಂಡ್' (ಇಳಿಸದೆ ಮತ್ತೆ ಏರಿಸಿ) ಎಂದರೂ ಕ್ಯಾಪ್ಟನ್ ಇಳಿಸಹೊರಟರು ಎಂದು ತನಿಖಾ ವರದಿ ಹೇಳಿತು. 158 ಜನ ಸತ್ತರು. ಮುನಿಸಿಕೊಂಡ ಭಾವ ನಿಮ್ಮ ಬಲಕ್ಕೆ ಕೂತಿದ್ದಾರೆ, ವಿಮಾನ ಹದ ತಪ್ಪಿದೆ ಎಂದುಕೊಳ್ಳಿ. ಅರ್ಧ ಸೆಕೆಂಡೂ ತಡೆಯದೆ ಅವರು 'ಗೋ ಅರೌಂಡ್' ಎನ್ನುತ್ತಾರೆಯೇ? ರೋಸ್ಟರ್ ವಿಷಯ ಬರುವುದು ಇಲ್ಲಿ.

ಸದ್ಯಕ್ಕೆ ಅರ್ಜಿ ಬೇಡ. ಹೊಸ ಕ್ಯಾಪ್ಟನ್ ಮತ್ತು ಆ ಮಾದರಿಗೆ ಹೊಸಬರಾದ ಕೋ-ಪೈಲಟ್‌ರನ್ನು ಜೊತೆಗೆ ಹಾಕದಿರುವುದು ವಿಮಾನ ಕಂಪನಿಗಳಲ್ಲಿ ಸಾಮಾನ್ಯ ನಿಯಮ. ನಿಮ್ಮ ಕಂಪನಿಯ ಕಾರ್ಯಾಚರಣೆ ಕೈಪಿಡಿಯಲ್ಲಿ ಎಷ್ಟು ತಾಸು ಎಂದು ನೋಡಿಕೊಳ್ಳಿ. ಅಲ್ಲಿಯವರೆಗೆ ಸಮಯ ತಾನಾಗಿಯೇ ಸಿಗುತ್ತದೆ. ಆ ಗಡುವು ಮುಗಿದರೂ ಮಾತು ಕೂಡದಿದ್ದರೆ ಆಗ ಕಾರಣ ಹೇಳಿ ಕೇಳಿ, ಅದರಲ್ಲಿ ನಾಚಿಕೆಯಿಲ್ಲ.

ಅಷ್ಟರೊಳಗೆ ಕಾರವಾರಕ್ಕೆ ಹೋಗಿ. ಫೋನು, ವಾಟ್ಸಾಪ್ ಬೇಡ, ಅಕ್ಕನ ಮಧ್ಯಸ್ಥಿಕೆಯೂ ಬೇಡ. 'ತಮಾಷೆಗೆ ಹೇಳಿದೆ' ಎಂದು ಶುರುಮಾಡಿದರೆ ಕೆಲಸ ಕೆಟ್ಟಿತು. 'ನಿಮ್ಮ ತರಬೇತಿಯ ಸುದ್ದಿ ನಾನು ಕೇಳಬಾರದಿತ್ತು, ಕೇಳಿದ್ದನ್ನು ಆಡಬಾರದಿತ್ತು' ಎಂದು ನೇರ ಹೇಳಿ ಸುಮ್ಮನಾಗಿ. ನಿಮಗೆ ಆ ಸುದ್ದಿ ತಂದವರಿಗೂ ಇನ್ನು ತರಬೇಡಿ ಎನ್ನಿ. ಅವರ ಮುಖ ಸಡಿಲವಾದರೆ, ಸಿಮ್ಯುಲೇಟರ್‌ಗೆ ಮುಂಚೆ ಕೋನ ಮತ್ತು ಶಕ್ತಿಯ ಲೆಕ್ಕ ಹೇಳಿಕೊಡಿ ಎಂದು ಕೇಳಿ. ಇದು ಪೂಸಿ ಹೊಡೆಯುವುದಲ್ಲ, ನಿಮಗೆ ನಿಜವಾಗಿ ಬೇಕು.

ಕೀಟಲೆ ಬಿಡಬೇಕಿಲ್ಲ. ತಾಳಮದ್ದಳೆಯಲ್ಲಿ ಕೃಷ್ಣನೂ ಕೌರವನೂ ಎಷ್ಟೇ ಕೊಂಕಾಡಲಿ, ಭಾಗವತರು ಪದ ಎತ್ತಿದರೆಂದರೆ ಅರ್ಥಧಾರಿ ಬಾಯಿ ಮುಚ್ಚಲೇಬೇಕು. ಕಾಕ್‌ಪಿಟ್‌ನಲ್ಲಿ ಆ ಗೆರೆ 10,000 ಅಡಿ. ಅದರ ಕೆಳಗೆ ಭಾವನೂ ಇಲ್ಲ, ಕೂಸೂ ಇಲ್ಲ, ಹಾರಾಟಕ್ಕೆ ಬೇಕಾದ ಕಾಲ್‌ಔಟ್ ಮಾತು ಮಾತ್ರ. ಮನೆಯ ಪಂಕ್ತಿಯಲ್ಲಿ ಸೆಸ್ನಾ, ಮಿಗ್, ಕೇಬಲ್ ಏನಾದರೂ ಆಡಿಕೊಳ್ಳಿ, ಇನ್ನೊಬ್ಬರ ಕಡತ ಮಾತ್ರ ಎಲೆಗೆ ಬರಬಾರದು.